ಕೊಳೆಯುವ ಫಿಲ್ಮು, ನ್ಯಾನೋ ಜೇಡಿ, ನಮ್ಮ ಮಳೆಗಾಲ

ಬೇಡ್ತಿ_ಬದಿ

ತೊಡದೇವು (ಹಾಳೆಯಷ್ಟು ತೆಳ್ಳಗಿನ ಗರಿಗರಿ ಸಿಹಿ), ಹಲಸಿನ ಚಿಪ್ಸ್, ಬಾಳೆಕಾಯಿ ಚಿಪ್ಸ್. ಮೂರಕ್ಕೂ 100 ಗ್ರಾಂ ಪ್ಯಾಕೆಟ್ ಬೇಕು, ಅಳತೆ 20 × 15 ಸೆಂ.ಮೀ. ಈಗ ಬಳಸುವುದು ಮಾಮೂಲಿ ಪ್ಲಾಸ್ಟಿಕ್. ಕೈಟೊಸಾನ್ (ಸಿಗಡಿ ಸಿಪ್ಪೆಯಿಂದ ತೆಗೆಯುವ ವಸ್ತು) ಅಥವಾ ಪಿಷ್ಟದ ಫಿಲ್ಮಿಗೆ ನ್ಯಾನೋ ಜೇಡಿ (ಅತಿ ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುವ ಜೇಡಿಮಣ್ಣು) ಸೇರಿಸಿದರೆ ತೇವ ತಡೆಯುತ್ತದೆ, ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಎಲ್ಲ ಕಡೆ ಓದಲು ಸಿಗುತ್ತದೆ. ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆಷಾಢದಲ್ಲಿ ಶಿರಸಿಯ ಅಂಗಡಿ ಕಪಾಟಿನಲ್ಲಿ ತೊಡದೇವು ಗರಿಗರಿ ಉಳಿಯಬೇಕು ಅಂದ್ರೆ ಇದು ಆಗ್ತದಾ? ಸಣ್ಣ ಮಟ್ಟಿಗೆ ಮಾಡಿ ನೋಡಲು ಅಳತೆ, ಕ್ರಮ ಎರಡೂ ಬೇಕು. ತಿಳಿದವರು ಹೇಳಿ.

ಮೈಕ್ರಾನ್_ಲೆಕ್ಕ

ತೊಡದೇವಿಗೆ ಆಗುವುದಿಲ್ಲ. ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಗ್ಲಿಸರಿನ್ ಹಾಕಿದ ಕೈಟೊಸಾನ್ ಫಿಲ್ಮಿನ ನೀರಾವಿ ಹಾಯುವ ಗುಣ ಸುಮಾರು 10⁻¹⁰ ಗ್ರಾಂ/ಮೀ·ಸೆಕೆಂಡ್·ಪಾಸ್ಕಲ್ ಮಟ್ಟದ್ದು. 50 ಮೈಕ್ರಾನ್ ದಪ್ಪದ ಹಾಳೆ ತೆಗೆದುಕೊಳ್ಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿಯ ಪೂರ್ಣ ಒತ್ತಡ 3,169 ಪಾಸ್ಕಲ್. ಹೊರಗೆ ಆರ್ದ್ರತೆ ಶೇ 90, ಪ್ಯಾಕೆಟ್ ಒಳಗೆ ಶೇ 20 ಅಂದರೆ ವ್ಯತ್ಯಾಸ ಸುಮಾರು 2,200 ಪಾಸ್ಕಲ್. ಗುಣಿಸಿ ಭಾಗಿಸಿದರೆ ಚದರ ಮೀಟರಿಗೆ ದಿನಕ್ಕೆ 380 ಗ್ರಾಂ ನೀರು ಒಳಗೆ. ನಿಮ್ಮ ಪ್ಯಾಕೆಟ್‌ನ ಎರಡೂ ಮಗ್ಗುಲು ಸೇರಿ 0.06 ಚದರ ಮೀಟರ್. ಅಂದರೆ ದಿನಕ್ಕೆ 23 ಗ್ರಾಂ, ತಾಸಿಗೆ ಹತ್ತಿರ ಹತ್ತಿರ 1 ಗ್ರಾಂ. ನೂರು ಗ್ರಾಂ ತೊಡದೇವು 4 ಗ್ರಾಂ ನೀರು ಕುಡಿದರೆ ಮೆತ್ತಗಾಯಿತು ಎಂದಿಟ್ಟುಕೊಳ್ಳಿ. ನಾಲ್ಕು ತಾಸು.

ಜೇಡಿ ಚೆನ್ನಾಗಿ ಬಿಡಿಸಿಕೊಂಡು ಕೂತರೆ ಇದು ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ನಾಲ್ಕು ತಾಸು ಏಳೂವರೆ ತಾಸಾಯಿತು. ಬೆಳಿಗ್ಗೆ ತುಂಬಿದ್ದು ಸಂಜೆಗೆ ಹಾಳು.

ಅದೇ ದಪ್ಪದ ಎಲ್‌ಡಿಪಿಇ (ಮಾಮೂಲಿ ಪಾಲಿಥೀನ್) ಈ ಹವೆಯಲ್ಲಿ ಮೂರು ವಾರದ ಮೇಲೆ ತಳ್ಳುತ್ತದೆ. ಜೇಡಿ ಫಿಲ್ಮಿನ ಬಗ್ಗೆ ಬರುವ ‘ಶೇ 45ರಷ್ಟು ಸುಧಾರಣೆ’ ಎಂಬಂಥ ಶೀರ್ಷಿಕೆ ಸುಳ್ಳಲ್ಲ. ಆದರೆ ನೂರು ಪಟ್ಟು ಹಿಂದಿರುವವನು ಐವತ್ತು ಪಟ್ಟು ಹಿಂದೆ ಬಂದ ಅಂತ ಅದರ ಅರ್ಥ.

ಕಾಳಿ_ದಂಡೆ

ಲೆಕ್ಕ ಸರಿ ಇದೆ, ಆದರೆ ಅದನ್ನು ನೋಡಿ ಫಿಲ್ಮನ್ನೇ ಎಸೆಯಬೇಡಿ. ಇದೇ ಕೈಟೊಸಾನ್ ಒಣ ಹವೆಯಲ್ಲಿ ಆಮ್ಲಜನಕವನ್ನು ಎಲ್‌ಡಿಪಿಇಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಎಣ್ಣೆಯನ್ನೂ ಬಿಡುವುದಿಲ್ಲ. ತೇವ ಮಾತ್ರ ಅದರ ಶತ್ರು. ಹಾಗಾಗಿ ತಿನಿಸು ಇಟ್ಟುಕೊಂಡು ಫಿಲ್ಮ್ ಹುಡುಕುವ ಬದಲು ಫಿಲ್ಮಿಗೆ ತಕ್ಕ ತಿನಿಸು ಹುಡುಕಬೇಕು.

ಜೇಡಿ ‘ಚೆನ್ನಾಗಿ ಬಿಡಿಸಿಕೊಂಡು ಕೂರುವುದು’ ಅಂದರೆ ಏನು ಎಂಬುದಕ್ಕೆ ನೀಲ್ಸನ್ ಎಂಬ ವಿಜ್ಞಾನಿ 1967ರಲ್ಲಿ ಕೊಟ್ಟ ಸರಳ ಸೂತ್ರವಿದೆ. ಮಾಂಟ್‌ಮೊರಿಲೊನೈಟ್ ಜೇಡಿಯ ಒಂದೊಂದು ಹಾಳೆ ಸುಮಾರು 1 ನ್ಯಾನೋಮೀಟರ್ ದಪ್ಪ, ಅಗಲ ಅದರ ನೂರು ಪಟ್ಟು ಅಥವಾ ಇನ್ನೂ ಹೆಚ್ಚು. ತೂಕದಲ್ಲಿ ಶೇ 3 ಜೇಡಿ ಹಾಕಿದರೆ ಗಾತ್ರದಲ್ಲಿ ಅದು ಶೇ 1.5 ಮಾತ್ರ (ಜೇಡಿ ಎರಡು ಪಟ್ಟು ಭಾರ). ಹಾಳೆಗಳು ಬಿಡಿಬಿಡಿಯಾಗಿ ಮಲಗಿದರೆ ನೀರಾವಿ ಹಾಯುವುದು ಮೊದಲಿನ 0.56 ಪಾಲಿಗೆ ಇಳಿಯುತ್ತದೆ. ಅವೇ ಹಾಳೆ ಹತ್ತು ಹತ್ತರ ಕಟ್ಟಾಗಿ ಅಂಟಿಕೊಂಡು ಉಳಿದರೆ 0.92. ಅದೇ ಜೇಡಿ, ಅದೇ ಖರ್ಚು, ಲಾಭ ಶೇ 8. ಹಂಚನ್ನು ಮಾಡಿಗೆ ಹೊದೆಸಿದರೆ ಮಳೆ ನಿಲ್ಲುತ್ತದೆ. ಅಂಗಳದ ಮೂಲೆಯಲ್ಲಿ ಒಟ್ಟಿಟ್ಟರೆ ಎಷ್ಟು ಹಂಚಿದ್ದರೂ ಮನೆ ಸೋರುತ್ತದೆ.

ಸಣ್ಣ ಮಟ್ಟಿನ ಅಳತೆ, 20 × 20 ಸೆಂ.ಮೀ. ತಟ್ಟೆ ಒಂದಕ್ಕೆ:

ಕೈಟೊಸಾನ್ 2 ಗ್ರಾಂ, ಶೇ 1 ಅಸಿಟಿಕ್ ಆಮ್ಲದ ನೀರು 100 ಮಿ.ಲೀ., ಗ್ಲಿಸರಿನ್ 0.5 ಗ್ರಾಂ, ಶುದ್ಧೀಕರಿಸಿದ ಸೋಡಿಯಂ ಬೆಂಟೊನೈಟ್ (ಮಾಂಟ್‌ಮೊರಿಲೊನೈಟ್ ಇರುವ ಜೇಡಿ ಇದೇ) 0.06 ಗ್ರಾಂ, ಅದಕ್ಕೆ ಬೇರೆಯೇ 10 ಮಿ.ಲೀ. ಬಟ್ಟಿ ಇಳಿಸಿದ ನೀರು. ಲ್ಯಾಬ್ ಆಮ್ಲ ಇಲ್ಲದಿದ್ದರೆ ಅಂಗಡಿಯ ಶೇ 4ರ ಬಿಳಿ ವಿನೆಗರ್ 25 ಮಿ.ಲೀ.ಗೆ 75 ಮಿ.ಲೀ. ನೀರು ಸೇರಿಸಿ, ಅದೇ ಆಯಿತು.

ಜೇಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಒಣ ಪುಡಿಯನ್ನು ನೇರವಾಗಿ ಕೈಟೊಸಾನ್ ದ್ರಾವಣಕ್ಕೆ ಉದುರಿಸಿದರೆ ಹೊರಗೆ ಅಂಟು, ಒಳಗೆ ಒಣ ಪುಡಿ ಇರುವ ಉಂಡೆಗಳಾಗುತ್ತವೆ. ಆಮೇಲೆ ದೇವರು ಬಂದರೂ ಅವು ಒಡೆಯುವುದಿಲ್ಲ. ನೆನೆದದ್ದನ್ನು ಪ್ರೋಬ್ ಸಾನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ಜೇಡಿ ಬಿಡಿಸುವ ಯಂತ್ರ) 10 ನಿಮಿಷ, ಬೀಕರ್ ಸುತ್ತ ಮಂಜುಗಡ್ಡೆ ಇಟ್ಟು. ಸಾನಿಕೇಟರ್ ಇಲ್ಲದಿದ್ದರೆ ಜೋರಾಗಿ ಕಡೆಯುವ ಹೋಮೋಜಿನೈಸರ್ 15 ನಿಮಿಷ. ಮಿಕ್ಸರ್ ಜಾರಿನಲ್ಲೂ ಒಂದು ಮಟ್ಟಿಗೆ ಆಗುತ್ತದೆ, ಆದರೆ ಅಷ್ಟು ಸಣ್ಣ ಪ್ರಮಾಣಕ್ಕೆ ಬ್ಲೇಡು ತಾಗುವುದಿಲ್ಲ, ಹತ್ತು ಪಟ್ಟು ಮಾಡಿಕೊಳ್ಳಿ.

ಬಾವಿ ನೀರು ಬೇಡವೇ ಬೇಡ. ಕಾರವಾರ, ಅಂಕೋಲೆ ಕಡೆ ಹೊಳೆಬಾಯಿ ಹತ್ತಿರದ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಉಪ್ಪು, ಸುಣ್ಣ ಯಾವುದಿದ್ದರೂ ಬಿಡಿಸಿಕೊಂಡ ಜೇಡಿ ಮತ್ತೆ ಮುದ್ದೆಗಟ್ಟಿ ತಳಕ್ಕೆ ಕೂರುತ್ತದೆ.

ಕೈಟೊಸಾನನ್ನು ಆಮ್ಲದ ನೀರಿನಲ್ಲಿ 12 ತಾಸು ಮೆಲ್ಲಗೆ ತಿರುಗಿಸಿ, ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಗ್ಲಿಸರಿನ್ ಹಾಕಿ, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ಜೇಡಿ ನೀರನ್ನು ಹನಿಹನಿಯಾಗಿ ಬಿಡಿ. ಕೈಟೊಸಾನಿಗೆ ಧನ ವಿದ್ಯುದಂಶ, ಜೇಡಿಗೆ ಋಣ. ಒಂದನ್ನೊಂದು ಎಳೆದುಕೊಳ್ಳುವುದರಿಂದಲೇ ಕೈಟೊಸಾನ್ ಜೇಡಿ ಹಾಳೆಗಳ ನಡುವೆ ನುಗ್ಗುತ್ತದೆ. ಒಮ್ಮೆಲೇ ಸುರಿದರೆ ಅದೇ ಎಳೆತಕ್ಕೆ ಮೊಸರು ಒಡೆದ ಹಾಗೆ ಗಡ್ಡೆ ಗಡ್ಡೆ.

ನೊರೆ ಹೋಗಲು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಅಷ್ಟನ್ನೂ ಅಕ್ರಿಲಿಕ್ ತಟ್ಟೆಗೆ ಸುರಿದರೆ ಸುಮಾರು 2.8 ಮಿ.ಮೀ. ಆಳ ನಿಲ್ಲುತ್ತದೆ, ಒಣಗಿದರೆ 50 ಮೈಕ್ರಾನ್. ಗಾಜಿನ ತಟ್ಟೆಗೆ ಫಿಲ್ಮ್ ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಹರಿಯುತ್ತದೆ. ತಟ್ಟೆ ಇಡುವ ಜಾಗಕ್ಕೆ ರಸಮಟ್ಟ ಹಿಡಿದು ನೋಡಿ. ಒಂದು ಬದಿ 1 ಮಿ.ಮೀ. ತಗ್ಗಿದ್ದರೆ ಆ ಬದಿ 60 ಮೈಕ್ರಾನ್, ಎದುರು ಬದಿ 40. ಆಮೇಲೆ ಮಾಡಿದ ಪರೀಕ್ಷೆಗೆಲ್ಲ ಅರ್ಥವೇ ಇಲ್ಲ.

ಒಣಗಿಸುವುದು 40ರಿಂದ 45 ಡಿಗ್ರಿ, ಫ್ಯಾನ್ ಇರುವ ಓವನ್, 24 ತಾಸು. 70ಕ್ಕೆ ಏರಿಸಿ ಅವಸರ ಮಾಡಿದರೆ ಮೇಲೆ ಕೆನೆ ಕಟ್ಟಿ ಒಳಗಿನ ನೀರು ಗುಳ್ಳೆಯಾಗಿ ಒಡೆಯುತ್ತದೆ, ಅಂಚು ಹಪ್ಪಳದ ಹಾಗೆ ಮಡಚುತ್ತದೆ. ಜುಲೈಯಲ್ಲಿ ಹೊರಗಿನ ಗಾಳಿಗೆ ಇಟ್ಟರೆ ಒಣಗುವುದೇ ಇಲ್ಲ.

ಬೇಡ್ತಿ_ಬದಿ

ತೊಡದೇವು ಮಾಡುವುದೂ ಹೆಚ್ಚು ಕಡಿಮೆ ಇದೇ ಅಲ್ವಾ ಮಾರಾಯ್ರೆ. ಅಕ್ಕಿ ಹಿಟ್ಟು, ಕಬ್ಬಿನಹಾಲು, ಬೋರಲು ಗಡಿಗೆ, ತೆಳ್ಳಗೆ ಎಳೆದ ಪಿಷ್ಟದ ಫಿಲ್ಮು. ಗಡಿಗೆಯ ಕಾವು ಕಡಿಮೆಯಾದರೆ ಅಂಟುತ್ತದೆ, ಜಾಸ್ತಿಯಾದರೆ ಹಿಟ್ಟು ಹರಡುವ ಮೊದಲೇ ಹಿಡಿದು ತೂತು.

ಒಂದು ಪ್ರಶ್ನೆ: ಒಣಗಿದ ಫಿಲ್ಮ್ ವಿನೆಗರ್ ವಾಸನೆ ಹೊಡೆಯುವುದಿಲ್ವಾ?

ಕಾಳಿ_ದಂಡೆ

ಹೊಡೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಸ್ಥಿತಿಯಲ್ಲಿ ಅದು ನೀರು ತಾಗಿದರೆ ಕರಗಿ ಲೋಳೆಯಾಗುತ್ತದೆ. ಒಣಗಿದ ಹಾಳೆಯನ್ನು ಶೇ 4 ಕಾಸ್ಟಿಕ್ ಸೋಡಾ ನೀರಿನಲ್ಲಿ ಅರ್ಧ ತಾಸು ಅದ್ದಿ, ತೊಳೆತೊಳೆದು, ಪಿಎಚ್ 7ಕ್ಕೆ ತರಬೇಕು. ಆಮೇಲೆ ಕರಗುವುದಿಲ್ಲ, ಉಬ್ಬುತ್ತದೆ ಅಷ್ಟೆ. ಕಾಸ್ಟಿಕ್‌ಗೆ ಕೈಗವಸು ಹಾಕಿಕೊಳ್ಳಿ.

ಇಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ. ಚೌಕಟ್ಟಿಗೆ ಬಿಗಿಯದೆ ಅದ್ದಿದರೆ ಹಾಳೆ ಸುಕ್ಕುಗಟ್ಟಿ ಕುಗ್ಗುತ್ತದೆ. ಮತ್ತೆ, ತೊಳೆಯುವ ನೀರಿನ ಜೊತೆ ಗ್ಲಿಸರಿನ್ನೂ ಹೊರಟುಹೋಗುತ್ತದೆ, ಒಣಗಿದ ಮೇಲೆ ಹಾಳೆ ಕಡಕ್ ಆಗಿ ಮಡಚಿದಲ್ಲಿ ಮುರಿಯುತ್ತದೆ. ಕೊನೆಯ ತೊಳೆತದ ನಂತರ ಶೇ 1ರಿಂದ 2 ಗ್ಲಿಸರಿನ್ ನೀರಿನಲ್ಲಿ ಒಂದಿಷ್ಟು ಹೊತ್ತು ಬಿಟ್ಟು ಒಣಗಿಸಿದರೆ ಸರಿಹೋಗುತ್ತದೆ.

ಸಿಪ್ಪೆಗೋಣಿ

ಜೇಡಿ ಯಾಕೆ ಬೇಕು? ಅಡಿಕೆ ಸಿಪ್ಪೆ ರಾಶಿ ರಾಶಿ ಬಿದ್ದಿದೆ. ಅದರಿಂದಲೇ ನ್ಯಾನೋ ಸೆಲ್ಯುಲೋಸ್ (ಸಸ್ಯನಾರಿನ ಅತಿ ಸಣ್ಣ ಚೂರು) ತೆಗೆದರಾಯಿತು. ನಾರನ್ನು ಶೇ 4 ಕಾಸ್ಟಿಕ್‌ನಲ್ಲಿ 80 ಡಿಗ್ರಿಗೆ 2 ತಾಸು, ಅದನ್ನೇ ಎರಡು ಮೂರು ಸಲ, ಆಮೇಲೆ ಬ್ಲೀಚ್ ಮಾಡಿ ಬಿಳಿ ಮಾಡುವುದು. ಒಣ ನಾರು 1 ಗ್ರಾಂಗೆ ಶೇ 64 ಗಂಧಕಾಮ್ಲ 20 ಮಿ.ಲೀ., 45 ಡಿಗ್ರಿ, 45 ನಿಮಿಷ. ಹತ್ತು ಪಟ್ಟು ತಣ್ಣೀರಿಗೆ ಸುರಿದು ನಿಲ್ಲಿಸಿ, ಸೆಂಟ್ರಿಫ್ಯೂಜ್, ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಉಳಿದ ಆಮ್ಲ ತೊಳೆಯುವುದು). ಫಿಲ್ಮಿನ ಎಳೆತದ ಬಲ ಚೆನ್ನಾಗಿ ಏರುತ್ತದೆ.

ಮೈಕ್ರಾನ್_ಲೆಕ್ಕ

ವಿಧಾನ ಸರಿ. ಆಮ್ಲದ ಲೆಕ್ಕ ನೋಡಿ. 100 ಗ್ರಾಂ ನಾರಿಗೆ 2 ಲೀಟರ್ ಶೇ 64 ಗಂಧಕಾಮ್ಲ, ಅದನ್ನು ನಿಲ್ಲಿಸಲು 20 ಲೀಟರ್ ನೀರು, ಆಮೇಲೆ ಅಷ್ಟನ್ನೂ ಸುಣ್ಣ ಹಾಕಿ ತಟಸ್ಥ ಮಾಡಬೇಕು. ತೋಟದ ಹಳ್ಳಕ್ಕೆ ಬಿಡುವ ಹಾಗಿಲ್ಲ. ಕೈಗೆ ಬರುವುದು ನಾರಿನ ತೂಕದ ಅರ್ಧಕ್ಕೂ ಕಡಿಮೆ. ‘ಪರಿಸರಸ್ನೇಹಿ’ ಪ್ಯಾಕೆಟ್ಟಿಗೆ ಇಷ್ಟು ಆಮ್ಲ ಯಾಕೆ? ಗೋಣಿಗಟ್ಟಲೆ ಸಿಪ್ಪೆ ಇದೆ ಎಂಬುದು ಕಚ್ಚಾವಸ್ತುವಿನ ಮಾತು, ಖರ್ಚು ಕಚ್ಚಾವಸ್ತುವಿನಲ್ಲಿ ಇಲ್ಲವೇ ಇಲ್ಲ. ಇನ್ನೊಂದು ವಿಷಯ. ಗಂಧಕಾಮ್ಲದ ದಾರಿಯಲ್ಲಿ ಬಂದ ಸೆಲ್ಯುಲೋಸಿಗೆ ಸಲ್ಫೇಟ್ ಗುಂಪು ಅಂಟಿಕೊಂಡಿರುತ್ತದೆ, ಅದರಿಂದ ಬಿಸಿ ತಾಳುವ ಶಕ್ತಿ ತಗ್ಗುತ್ತದೆ. ನೀರಿನ ಫಿಲ್ಮಿಗೆ ಅಡ್ಡಿಯಿಲ್ಲ, ಪಿಎಲ್‌ಎ (ಕೊಳೆಯುವ ಬಗೆಯ ಪ್ಲಾಸ್ಟಿಕ್) ಜೊತೆ ಕರಗಿಸಿ ಎಳೆಯಲು ಹೋದರೆ ಕಂದು ತಿರುಗುತ್ತದೆ.

ಯಂತ್ರದಲ್ಲಿ ಅರೆದು ತೆಗೆಯುವ ನಾರುರೂಪದ ನ್ಯಾನೋ ಸೆಲ್ಯುಲೋಸ್ ಆದರೆ ಒಪ್ಪುತ್ತೇನೆ. ಕರೆಂಟು ಜಾಸ್ತಿ ತಿನ್ನುತ್ತದೆ, ಆಮ್ಲ ಬೇಡ.

ತದಡಿ_ಬಂದರು

ಕೈಟೊಸಾನ್ ಖರೀದಿಸುವ ಬದಲು ಇಲ್ಲೇ ಮಾಡಬಹುದಾ ಎಂದು ಕೇಳುವವರಿಗೆ: ಬೈತಖೋಲ, ತದಡಿ, ಕಾಸರಕೋಡ ಎಲ್ಲ ಕಡೆ ಶೆಟ್ಲಿ (ಸಿಗಡಿ) ಸುಲಿದ ಸಿಪ್ಪೆ, ತಲೆ ಸಿಗುತ್ತದೆ. ಕ್ರಮ ಹೀಗೆ.

ತೊಳೆದು ಒಣಗಿಸಿದ ಸಿಪ್ಪೆ 1 ಕೆ.ಜಿ. ಮೊದಲು ಶೇ 4 ಕಾಸ್ಟಿಕ್ 10 ಲೀಟರ್, 80 ಡಿಗ್ರಿ, ಒಂದೆರಡು ತಾಸು: ಪ್ರೋಟೀನ್ ಹೋಗುತ್ತದೆ. ತೊಳೆದು 1 ನಾರ್ಮಲ್ ತೀವ್ರತೆಯ ಹೈಡ್ರೋಕ್ಲೋರಿಕ್ ಆಮ್ಲ, ಬಿಸಿ ಬೇಡ: ಸುಣ್ಣದಂಶ ಹೋಗುತ್ತದೆ. ಸಿಪ್ಪೆಯಲ್ಲಿ ಶೇ 40 ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ 1 ಕೆ.ಜಿ.ಗೆ ಕನಿಷ್ಠ 8 ಲೀಟರ್ ಆಮ್ಲ ಬೇಕೇ ಬೇಕು, 12 ಲೀಟರ್ ಇಟ್ಟುಕೊಳ್ಳಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಡ್ರಮ್ಮಿನ ಹೊರಗೆ. ಗುಳ್ಳೆ ನಿಂತ ಮೇಲೆ ಉಳಿದದ್ದು ಕೈಟಿನ್. ಅದನ್ನು ಶೇ 50 ಕಾಸ್ಟಿಕ್‌ನಲ್ಲಿ 100 ಡಿಗ್ರಿಗೆ 2ರಿಂದ 4 ತಾಸು ಬೇಯಿಸಿ, ತಟಸ್ಥವಾಗುವ ತನಕ ತೊಳೆದರೆ ಕೈಟೊಸಾನ್, ಸುಮಾರು 150ರಿಂದ 200 ಗ್ರಾಂ.

ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬಾರದು. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಕೆಳಗೆ ಒಲೆ ಇದ್ದರೆ ಕಥೆ ಮುಗಿಯಿತು. ಶೇ 50ರ ಬಿಸಿ ಕಾಸ್ಟಿಕ್ ಕಣ್ಣಿಗೆ ಸಿಡಿದರೆ ಕಣ್ಣು ಹೋಗುತ್ತದೆ. ಇದು ಅಡುಗೆಮನೆಯ ಕೆಲಸ ಅಲ್ಲ, ಹಿತ್ತಲಿನದ್ದೂ ಅಲ್ಲ.

ಆದದ್ದು ಸರಿಯಾಗಿದೆಯಾ ಎಂದು ನೋಡಲು 1 ಗ್ರಾಂ ಪುಡಿಯನ್ನು ಶೇ 1 ಅಸಿಟಿಕ್ ನೀರು 100 ಮಿ.ಲೀ.ಗೆ ಹಾಕಿ ರಾತ್ರಿ ಬಿಡಿ. ಪಾರದರ್ಶಕವಾಗಿ ಕರಗಬೇಕು. ಲೋಳೆಲೋಳೆ ಚೂರು ತೇಲುತ್ತಿದ್ದರೆ ಅದು ಇನ್ನೂ ಅರ್ಧ ಕೈಟಿನ್ನೇ. ಅದರಿಂದ ಫಿಲ್ಮ್ ಮಾಡಿದರೆ ಆ ಚೂರುಗಳಿದ್ದಲ್ಲೇ ಹರಿಯುತ್ತದೆ.

ಸಿಪ್ಪೆಗೋಣಿ

ಒಂದು ಮಾತು ಯಾರೂ ಎತ್ತಲಿಲ್ಲ. ಶೆಟ್ಲಿ ಸಿಪ್ಪೆಯ ಫಿಲ್ಮಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಕಟ್ಟಿದರೆ ನಮ್ಮ ಘಟ್ಟದ ಮೇಲಿನ ಗಿರಾಕಿ ಮುಟ್ಟುತ್ತಾರಾ? ಹಸಿರು ಚುಕ್ಕೆ ಹಾಕಬಹುದಾ?

ಮೈಕ್ರಾನ್_ಲೆಕ್ಕ

ಹೊರಗಿನ ಚೀಲ ತಿನಿಸಿನ ಭಾಗ ಅಲ್ಲ. ಹಣ್ಣಿನ ಮೇಲೆ ಬಳಿದು ಜೊತೆಗೇ ತಿನ್ನುವ ಲೇಪ ಆದರೆ ಅದು ತಿನಿಸೇ. ಪ್ರಾಣಿಮೂಲ ಇದ್ದ ಮೇಲೆ ಹಸಿರು ಚುಕ್ಕೆಯ ಮಾತಿಲ್ಲ, ಮೇಲಿಂದ ಸಿಗಡಿ-ಏಡಿ ಅಲರ್ಜಿಯ ಸೂಚನೆಯೂ ಬೇಕು. ಅಣಬೆ, ಶಿಲೀಂಧ್ರದಿಂದ ತೆಗೆದ ಕೈಟೊಸಾನ್ ಮಾರುಕಟ್ಟೆಯಲ್ಲಿದೆ, ಬೆಲೆ ಜಾಸ್ತಿ. ಕಾನೂನು ಏನೇ ಹೇಳಲಿ, ಶಿರಸಿಯಲ್ಲಿ ಮಾರುವುದಾದರೆ ಮೂಲ ಯಾವುದು ಎಂದು ಪ್ಯಾಕೆಟ್ ಮೇಲೆಯೇ ಬರೆಯುವುದು ಒಳ್ಳೆಯದು. ಬೇರೆಯವರು ಹೇಳಿ ಗೊತ್ತಾಗುವುದಕ್ಕಿಂತ ವಾಸಿ.

ಕಾನೂನಿನ ಮಾತು ಬಂತು, ಇನ್ನೆರಡು ಅಂಕಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ವಸ್ತುವಿನ ಮಿತಿ ಚದರ ಡೆಸಿಮೀಟರಿಗೆ 10 ಮಿ.ಗ್ರಾಂ. ಆ ಅಳತೆಗೋಲನ್ನು ಇದಕ್ಕೂ ಹಿಡಿಯೋಣ. 50 ಮೈಕ್ರಾನ್ ಫಿಲ್ಮ್ ಒಂದು ಚದರ ಡೆಸಿಮೀಟರಿಗೆ ಸುಮಾರು 650 ಮಿ.ಗ್ರಾಂ ತೂಗುತ್ತದೆ, ಅದರಲ್ಲಿ ಐದರ ಒಂದು ಪಾಲು ಗ್ಲಿಸರಿನ್, ಅಂದರೆ 127 ಮಿ.ಗ್ರಾಂ. ಒದ್ದೆ ತಿನಿಸಿಗೆ ತಾಗಿದರೆ ಗ್ಲಿಸರಿನ್ ಒಂದೇ ಮಿತಿಯ ಹನ್ನೆರಡು ಪಟ್ಟು ಇಳಿಯಬಹುದು. ವಿಷ ಅಲ್ಲ, ಪರೀಕ್ಷೆಯಲ್ಲಿ ಮಾತ್ರ ನಪಾಸು. ಉಪ್ಪಿನಕಾಯಿಗೆ ಇದನ್ನು ಕನಸಿನಲ್ಲೂ ನೆನೆಯಬೇಡಿ. ಉಪ್ಪು, ಹುಳಿ, ನೀರು ಮೂರೂ ಸೇರಿ ವಾರದಲ್ಲಿ ಲೋಳೆ ಮಾಡುತ್ತವೆ.

ಬೇಡ್ತಿ_ಬದಿ

ಹಾಗಾದರೆ ‘ಕಂಪೋಸ್ಟೆಬಲ್’ ಎಂದು ಮಾರುವ ಪಿಎಲ್‌ಎ ಚೀಲ? ಅದಕ್ಕಾದರೂ ಸೀಲ್ ಬೀಳ್ತದಲ್ಲ.

ಮೈಕ್ರಾನ್_ಲೆಕ್ಕ

ಒಳ್ಳೆಯ ಜಾಗ ಹಿಡಿದಿರಿ. ಕೈಟೊಸಾನ್ ಕರಗುವುದಿಲ್ಲ, ಬಿಸಿ ಮಾಡಿದರೆ ಸುಟ್ಟೇ ಹೋಗುತ್ತದೆ. ಆದ್ದರಿಂದ ಪಟ್ಟಿ ಸೀಲಿಂಗ್ ಮಶೀನ್‌ನಲ್ಲಿ ಅಂಟುವ ಪ್ರಶ್ನೆಯೇ ಇಲ್ಲ. ಫಿಲ್ಮ್ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಒಂದು ಸಾಲು ಬಿಟ್ಟುಬಿಡುತ್ತಾರೆ. ಚೀಲ ಮಾಡಬೇಕಾದರೆ ಕೈಟೊಸಾನ್-ಜೇಡಿ ನಡುವಿನ ಪದರವಾಗಿ, ಹೊರಗೆ ಕಾಗದ, ಒಳಗೆ ಸೀಲ್ ಆಗುವ ಪಿಎಲ್‌ಎ-ಪಿಬಿಎಟಿ ಮಿಶ್ರಣ (ಪಿಬಿಎಟಿ ಕೂಡ ಕೊಳೆಯುವ ಬಗೆಯ ಪ್ಲಾಸ್ಟಿಕ್).

ಪಿಎಲ್‌ಎ ಒಂದೇ ಆದರೆ ಗಡಸು, ಮಡಚಿದಾಗ ಚರಚರ ಸದ್ದು, 55ರಿಂದ 60 ಡಿಗ್ರಿಗೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ಚೀಲಗಳು ಆಕಾರ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಪಿಬಿಎಟಿ ಮೃದು, 110ರಿಂದ 120 ಡಿಗ್ರಿಗೆ ಕರಗುತ್ತದೆ, ಅದಕ್ಕೇ ಎರಡನ್ನೂ ಬೆರೆಸುವುದು. ಆದರೆ ತೇವದ ವಿಷಯದಲ್ಲಿ 25 ಮೈಕ್ರಾನ್ ಪಿಎಲ್‌ಎ 38 ಡಿಗ್ರಿ, ಶೇ 90 ಆರ್ದ್ರತೆಯಲ್ಲಿ ದಿನಕ್ಕೆ ಚದರ ಮೀಟರಿಗೆ 300 ಗ್ರಾಂ ಆಸುಪಾಸು ಬಿಡುತ್ತದೆ. ಅಷ್ಟೇ ದಪ್ಪದ ಎಲ್‌ಡಿಪಿಇ 20ರೊಳಗೆ. ತೊಡದೇವಿಗೆ ಇದೂ ಒಂದು ದಿನದ ಮಾತು.

ಕೊಳೆಯುವುದು ಎಲ್ಲಿ ಎಂದೂ ಕೇಳಬೇಕು. ಐಎಸ್ 17088 ಎಂಬ ಭಾರತೀಯ ಮಾನದಂಡದ ಪ್ರಕಾರ ‘ಕಂಪೋಸ್ಟೆಬಲ್’ ಎಂದರೆ 58 ಡಿಗ್ರಿಯ ಕಾರ್ಖಾನೆ ಮಟ್ಟದ ಕಂಪೋಸ್ಟ್‌ನಲ್ಲಿ. ಮನೆ ಹಿಂದಿನ ಗೊಬ್ಬರಗುಂಡಿ ಅಷ್ಟು ಕಾವನ್ನು ವಾರಗಟ್ಟಲೆ ಹಿಡಿದಿಡುವುದಿಲ್ಲ. ಕಾರವಾರದ ಕಡಲಿಗೆ ಬಿದ್ದ ಪಿಎಲ್‌ಎ ಚೀಲ ಕಡಲಾಮೆಯ ಪಾಲಿಗೆ ಪ್ಲಾಸ್ಟಿಕ್ಕೇ. ಕೈಟೊಸಾನ್, ಪಿಷ್ಟ ಮಾತ್ರ ಸಾದಾ ಮಣ್ಣಿನಲ್ಲೂ ಕೊಳೆಯುತ್ತವೆ.

ಮಾರುವವರು ಕೊಟ್ಟದ್ದು ನಿಜವಾಗಿ ಅದೇನಾ ಎಂದು ನೋಡಲು ಸುಲಭ ಉಪಾಯ: ಒಂದು ಚೂರು ಕತ್ತರಿಸಿ, ಸೋಪು ನೀರಿನಲ್ಲಿ ಉಜ್ಜಿ ಗಾಳಿಗುಳ್ಳೆ ತೆಗೆದು, ಲೋಟದ ನೀರಿನ ತಳಕ್ಕೆ ಒತ್ತಿ ಬಿಡಿ. ಪಿಎಲ್‌ಎ, ಪಿಬಿಎಟಿ ಎರಡೂ ನೀರಿಗಿಂತ ಭಾರ, ಸುಮಾರು 1.25, ಮುಳುಗಿಯೇ ಇರುತ್ತವೆ. ಪಾಲಿಥೀನ್ ತೇಲಿ ಬರುತ್ತದೆ. ತೇಲಿದರೆ ಮೋಸ ಖಚಿತ. ಮುಳುಗಿದರೆ ಖಚಿತ ಅಲ್ಲ, ಸುಣ್ಣದ ಪುಡಿ ತುಂಬಿದ ಪಾಲಿಥೀನೂ ಮುಳುಗುತ್ತದೆ. ಆಗ ತಯಾರಕರ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಪ್ರಮಾಣಪತ್ರ ಕೇಳಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಡಿ ಮಾರುವ ಮೊದಲೇ ಅವರು ಅದನ್ನು ಪಡೆದಿರಬೇಕು.

ಮುರುಗಲ್_ಸಿಪ್ಪೆ

ಒಣ ತಿನಿಸಿನ ಹಿಂದೆ ಬಿದ್ದು ಒದ್ದಾಡುವುದಕ್ಕಿಂತ ಈ ಫಿಲ್ಮ್ ಮೀನಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ಮೀನು ಕೆಟ್ಟದ್ದನ್ನು ಬಣ್ಣ ತಿರುಗಿಸಿ ತಿಳಿಸುವ ಚೀಟಿಯಾಗಿ ಚೆನ್ನ. ಅಲ್ಲಿ ತೇವ ಬೇಕೇ ಬೇಕು, ತೇವ ಇಲ್ಲದಿದ್ದರೆ ಬಣ್ಣವೇ ಬದಲಾಗುವುದಿಲ್ಲ. ಸೀಲಿಂಗ್ ಬೇಡ, ಮೂರು ದಿನ ಬಾಳಿದರೆ ಸಾಕು.

ಮುರುಗಲು (ಕೋಕಂ) ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ಸಸ್ಯಬಣ್ಣ, ಮುಖ್ಯವಾಗಿ ಸಯನಿಡಿನ್‌ನ ಎರಡು ರೂಪ. ಹುಳಿಯಲ್ಲಿ ಕೆಂಪು, ಪಿಎಚ್ 6ರ ಸುತ್ತ ಬಣ್ಣಗೆಟ್ಟ ನೇರಳೆ, 8 ದಾಟಿದರೆ ನೀಲಿ-ಹಸಿರು ಛಾಯೆ, ಇನ್ನೂ ಮೇಲೆ ಹಳದಿ. ಮೀನು ಕೆಡುವಾಗ ಬಿಡುವ ಅಮೋನಿಯಾ, ಟ್ರೈಮೀಥೈಲಮೈನ್ ಎರಡೂ ಕ್ಷಾರ, ಅವು ಫಿಲ್ಮಿನ ತೇವದಲ್ಲಿ ಕರಗಿ ಬಣ್ಣ ತಿರುಗಿಸುತ್ತವೆ.

ಒಣ ಸಿಪ್ಪೆ 10 ಗ್ರಾಂ, ಶೇ 70 ಎಥನಾಲ್ 100 ಮಿ.ಲೀ., ಕತ್ತಲಲ್ಲಿ ತಣ್ಣಗೆ 24 ತಾಸು, ಸೋಸಿ. ಕಾಳಿ_ದಂಡೆಯವರ ದ್ರಾವಣ 100 ಮಿ.ಲೀ.ಗೆ ಇದು 10 ಮಿ.ಲೀ., ತಣಿದ ಮೇಲೆ ಹಾಕಬೇಕು. ಕಾಸ್ಟಿಕ್‌ನಲ್ಲಿ ಅದ್ದುವ ಹಂತ ಇಲ್ಲಿ ಬೇಡ, ಅದ್ದಿದರೆ ಬಣ್ಣ ಅಲ್ಲೇ ಸಾಯುತ್ತದೆ. ಒಣಗಿಸುವುದೂ 40 ಡಿಗ್ರಿ ದಾಟಬಾರದು.

ಕೆಡುವುದು ಎಲ್ಲಿ? ಅಂಗಡಿಯ ಮುರುಗಲು ಸಿಪ್ಪೆಗೆ ಉಪ್ಪು ಹಾಕಿರುತ್ತಾರೆ. ಆ ಉಪ್ಪು ಜೇಡಿಯನ್ನು ಮುದ್ದೆ ಮಾಡುತ್ತದೆ, ಫಿಲ್ಮ್ ಒಣಗಿದ ಮೇಲೆ ಬಿಳಿ ಹರಳಾಗಿ ಎದ್ದು ಕಾಣುತ್ತದೆ. ಉಪ್ಪಿಲ್ಲದ್ದೇ ತನ್ನಿ. ಬೀಜ ಸೇರಿದ್ದರೆ ಮುರುಗಲ ತುಪ್ಪದ ಅಂಶ ಬಂದು ಫಿಲ್ಮಿನಲ್ಲಿ ಮೀನುಗಣ್ಣಿನ ಹಾಗೆ ದುಂಡು ಕಲೆ. ಇನ್ನು ಸಿಪ್ಪೆಯ ಹುಳಿ ಮತ್ತು ಫಿಲ್ಮಿನ ವಿನೆಗರ್ ಹುಳಿ, ಎರಡನ್ನೂ ಅಮೋನಿಯಾ ಮೊದಲು ತೀರಿಸಬೇಕು, ಆಮೇಲಷ್ಟೇ ಬಣ್ಣ. ಹುಳಿ ಜಾಸ್ತಿ ಉಳಿದರೆ ಮೀನು ನಾರಿದ ಮೇಲೂ ಚೀಟಿ ಗುಲಾಬಿಯಾಗಿ ನಗುತ್ತಾ ಕೂತಿರುತ್ತದೆ. ಸಾರ ಸೇರಿಸುವ ಮೊದಲೇ ಅದರ ಹುಳಿಯನ್ನು ಅಡುಗೆ ಸೋಡಾದಿಂದ ಪಿಎಚ್ 4.5ರ ಹತ್ತಿರ ತನ್ನಿ.

ಜೇಡಿ ಹಾಕಿದರೆ ಬಣ್ಣದ ಅಣು ಅದರ ಹಾಳೆಗಳ ನಡುವೆ ಸಿಕ್ಕಿಕೊಂಡು ಬೆಳಕಿಗೆ ಬೇಗ ಮಾಸುವುದಿಲ್ಲ, ಆದರೆ ತಿರುಗುವುದೂ ನಿಧಾನ. ಶೇ 1 ಸಾಕು, 3 ಬೇಡ.

ಕಾಳಿ_ದಂಡೆ

ಶಂಖಪುಷ್ಪದ ನೀಲಿ ಇನ್ನೂ ಗಟ್ಟಿ. ಮುರುಗಲಿನ ಬಣ್ಣದ ಅಣುವಿಗೆ ಅಸೈಲ್ ಗುಂಪಿನ ಹೊದಿಕೆ ಇಲ್ಲ, ಬೆಳಕಿಗೆ ಬೇಗ ಮಂಕಾಗುತ್ತದೆ. ಶಂಖಪುಷ್ಪದ್ದಕ್ಕೆ ಆ ಹೊದಿಕೆ ಇದೆ.

ತದಡಿ_ಬಂದರು

ಚೀಟಿ ನಂಬಿ ಬಂಗಡೆ ತಿನ್ನುವವರಿಗೆ ಒಂದು ಎಚ್ಚರಿಕೆ. ಬಂಗಡೆ, ತಾರ್ಲೆಯಲ್ಲಿ ನಿಜವಾದ ಅಪಾಯ ಹಿಸ್ಟಮಿನ್ ಎಂಬ ವಿಷವಸ್ತು. ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಕೂತರೆ ಬ್ಯಾಕ್ಟೀರಿಯಾ ಅದನ್ನು ಉಂಟುಮಾಡುತ್ತವೆ, ಬೇಯಿಸಿದರೂ ಹೋಗುವುದಿಲ್ಲ. ಅದು ಆವಿಯಾಗಿ ಹಾರುವ ವಸ್ತುವಲ್ಲ, ಮುಚ್ಚಳದ ಫಿಲ್ಮಿಗೆ ಅದರ ಸುಳಿವೇ ಸಿಗುವುದಿಲ್ಲ. ಆವಿಯಾಗುವ ಸಾರಜನಕ (ಅಮೋನಿಯಾದಂಥ ಕ್ಷಾರಗಳ ಲೆಕ್ಕ) 100 ಗ್ರಾಂಗೆ 35 ಮಿ.ಗ್ರಾಂ ಎಂಬ ಮಿತಿಗೆ ಈ ಚೀಟಿ ಹೊಂದಿಸಬಹುದು, ಅಷ್ಟಕ್ಕೇ ಅದರ ಮಾತು. ಚೀಟಿ ಹಸಿರಾದರೆ ಎಸೆಯಿರಿ. ಗುಲಾಬಿ ಇದೆ ಎಂದು ಮಾತ್ರ ತಿನ್ನಬೇಡಿ.

ಐಸ್ ಕರಗಿದ ನೀರು ಸಿಡಿದರೂ ಚೀಟಿಯ ಬಣ್ಣ ಕೆಡುತ್ತದೆ. ಮುಚ್ಚಳದ ಮಧ್ಯದಲ್ಲಿ, ಮೀನಿಗೆ ತಾಗದಂತೆ 2 × 2 ಸೆಂ.ಮೀ. ಸಾಕು.

ಸಿಪ್ಪೆಗೋಣಿ

ಅಂಕೋಲೆಯ ಕರಿ ಈಶಾಡ್ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಬಂತು. ಸಿಪ್ಪೆ ತೆಳು, ಬೇಗ ಕೆಡುತ್ತದೆ, ದೂರದೂರಿಗೆ ಕಳಿಸಲು ಇದೇ ತಲೆಬಿಸಿ. ಇದಕ್ಕೆ ಲೇಪ ಆಗುತ್ತದಲ್ಲ?

ಕಾಳಿ_ದಂಡೆ

ಆಗುತ್ತದೆ, ತೆಳ್ಳಗಿದ್ದರೆ. ಶೇ 1 ಕೈಟೊಸಾನ್, ಪಿಎಚ್ 5ರ ಹತ್ತಿರಕ್ಕೆ ಹೊಂದಿಸಿ, ಒಂದೆರಡು ನಿಮಿಷ ಅದ್ದಿ, ಜಾಲಿಯ ಮೇಲೆ ಫ್ಯಾನ್ ಗಾಳಿಗೆ. ಬಲಿತು ಇನ್ನೂ ಹಸಿರಿರುವಾಗಲೇ ಅದ್ದಬೇಕು, ಹಣ್ಣಾದ ಮೇಲೆ ಅದ್ದಿ ಪ್ರಯೋಜನವಿಲ್ಲ. ತೊಟ್ಟಿನ ಸೊನೆ ಪೂರ್ತಿ ತೊಳೆಯದಿದ್ದರೆ ಲೇಪದ ಅಡಿಯಲ್ಲಿ ಕಪ್ಪು ಸುಟ್ಟ ಕಲೆ ಉಳಿಯುತ್ತದೆ.

ಶೇ 2 ಮಾಡಿದರೆ ಇನ್ನೂ ಒಳ್ಳೆಯದು ಎಂದು ಅಂದುಕೊಳ್ಳುವವರೇ ಹೆಚ್ಚು. ಆಮ್ಲಜನಕ ತಡೆಯುವುದು ಇದರ ಗುಣ ಎಂದೆನಲ್ಲ, ಇಲ್ಲಿ ಅದೇ ಉರುಳು. ಹಣ್ಣು ಉಸಿರಾಡಬೇಕು. ಉಸಿರುಗಟ್ಟಿದರೆ ಒಳಗೆ ಹುದುಗು ಬಂದು ಸಾರಾಯಿ ವಾಸನೆ, ಹೊರಗೆ ನೋಡಲು ಚಂದ. ಜೇಡಿಯನ್ನಂತೂ ಹಾಕಲೇಬೇಡಿ. ಚುಕ್ಕೆರೋಗದ ಶಿಲೀಂಧ್ರಕ್ಕೆ ಕೈಟೊಸಾನ್ ತಾನೇ ಒಂದಿಷ್ಟು ತಡೆ. ಹಸಿರು ಚುಕ್ಕೆ, ಅಲರ್ಜಿ ಬಗ್ಗೆ ಮೇಲೆ ಬಂದ ಮಾತು ಇಲ್ಲಿಗೆ ಪೂರ್ತಿ ಅನ್ವಯ.

ಬೇಡ್ತಿ_ಬದಿ

ಸರಿ, ತೊಡದೇವು ಡಬ್ಬಿಗೇ ಹೋಗಲಿ. ಬಾಳೆಕಾಯಿ ಚಿಪ್ಸ್‌ಗೆ ಕಾಗದ-ಕೈಟೊಸಾನ್-ಪಿಬಿಎಟಿ ಮೂರು ಪದರ ಒಂದು ವಾರ ತಡೆದರೆ ಸಾಕು. ಯಂತ್ರವಿಲ್ಲದೆ ಇದನ್ನು ಅಳೆಯುವುದು ಹೇಗೆ?

ಮೈಕ್ರಾನ್_ಲೆಕ್ಕ

ಅಗಲ ಬಾಯಿಯ ಗಾಜಿನ ಬಾಟಲಿ, ಒಳಗೆ ಒಲೆಯಲ್ಲಿ ಒಣಗಿಸಿದ ಸಿಲಿಕಾ ಜೆಲ್ ಅರ್ಧದ ಮೇಲೆ. ಬಾಯಿಗೆ ಫಿಲ್ಮ್ ಇಟ್ಟು ಅಂಚನ್ನು ಕರಗಿಸಿದ ಮೇಣದಿಂದ ಮುಚ್ಚಿ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಬಾಟಲಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಪಕ್ಕದಲ್ಲಿ ಉಪ್ಪಿನ ಕೆಸರಿನ ಬಟ್ಟಲು ಇಟ್ಟು ಮುಚ್ಚಿ. ಅಡುಗೆ ಉಪ್ಪಿನ ಕೆಸರು ಡಬ್ಬಿಯ ಗಾಳಿಯನ್ನು ಶೇ 75 ಆರ್ದ್ರತೆಗೆ ನಿಲ್ಲಿಸುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ 84ಕ್ಕೆ, ಪೊಟ್ಯಾಸಿಯಂ ನೈಟ್ರೇಟ್ 93ರ ಸುತ್ತ. ಕೆಸರು ಅಂದರೆ ಮೇಲೆ ನೀರು, ತಳದಲ್ಲಿ ಕರಗದ ಉಪ್ಪು ಎರಡೂ ಕಾಣಬೇಕು. ಪೂರ್ತಿ ಕರಗಿದ್ದರೆ ಲೆಕ್ಕ ತಪ್ಪು. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಬೇಡ, ಅದರಲ್ಲಿ ಬೇರೆ ಉಪ್ಪು ಬೆರೆತಿರುತ್ತದೆ.

ಬಾಯಿಯ ವ್ಯಾಸ 5 ಸೆಂ.ಮೀ. ಇದ್ದರೆ ವಿಸ್ತೀರ್ಣ 19.6 ಚದರ ಸೆಂ.ಮೀ. ದಿನಕ್ಕೆ 1 ಗ್ರಾಂ ಏರಿದರೆ ಚದರ ಮೀಟರಿಗೆ 509 ಗ್ರಾಂ. ಮೊದಲ ಆರು ತಾಸಿನ ಏರಿಕೆ ಬಿಟ್ಟುಬಿಡಿ, ಅಷ್ಟು ಹೊತ್ತು ಫಿಲ್ಮ್ ತಾನೇ ನೀರು ಕುಡಿಯುತ್ತಿರುತ್ತದೆ. ಜೊತೆಗೆ ಎಲ್‌ಡಿಪಿಇ ಕಟ್ಟಿದ ಇನ್ನೊಂದು ಬಾಟಲಿ ಇಡಿ. ಅದೂ ಜೋರಾಗಿ ಏರಿದರೆ ನಿಮ್ಮ ಮೇಣ ಸೋರುತ್ತಿದೆ ಎಂದು ಅರ್ಥ.

ಬೇಡ್ತಿ_ಬದಿ

ಬೆಂಟೊನೈಟ್ ಯಾವುದು ತರಬೇಕು? ಬೋರ್‌ವೆಲ್‌ನವರು ಬಳಸುವ ಚೀಲದ್ದು ಅಗ್ಗ.

ಕಾಳಿ_ದಂಡೆ

ಅದು ಬೇಡ. ಮರಳು ಇರುತ್ತದೆ, ಭಾರಲೋಹ ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ. ಆಹಾರ ಅಥವಾ ಔಷಧ ದರ್ಜೆಯ ಸೋಡಿಯಂ ಬೆಂಟೊನೈಟ್ ಎಂದೇ ಕೇಳಿ, ವಿಶ್ಲೇಷಣಾ ಪತ್ರ ಕೂಡ ಕೇಳಿ. ತಂದ ಮೇಲೆ 2 ಗ್ರಾಂ ಅನ್ನು ಬಟ್ಟಿ ಇಳಿಸಿದ ನೀರು 100 ಮಿ.ಲೀ.ನಲ್ಲಿ ರಾತ್ರಿ ನೆನೆಸಿ, ಕಲಕಿ, ಹತ್ತು ನಿಮಿಷ ಬಿಡಿ. ಮೇಲಿನದ್ದು ತೆಳು ಗಂಜಿಯ ಹಾಗೆ ಮಬ್ಬಾಗಿಯೇ ನಿಂತು, ತಳದಲ್ಲಿ ಬೆರಳಿಗೆ ಗರಗರ ಅನ್ನುವ ಪುಡಿ ಸಿಗದಿದ್ದರೆ ನಡೆಯುತ್ತದೆ. ಮೇಲೆ ತಿಳಿನೀರು, ಕೆಳಗೆ ಕೆಸರು ಎಂದು ಬೇರ್ಪಟ್ಟರೆ ಅದು ಕ್ಯಾಲ್ಸಿಯಂ ಜಾತಿಯದ್ದು, ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ, ವಾಪಸ್ ಕೊಡಿ.